ಮುಷ್ಕರದ ವೇಳೆಯ ಸಂಬಳ: ಕೊಟ್ಟ ಮಾಲೀಕನಿಗೂ ದಂಡ ವಿಧಿಸುವ ಆಸ್ಟ್ರೇಲಿಯಾದ ಕಾನೂನು

ಬ್ಯಾಂಕಿನಲ್ಲಿ ಮೂರು ದಶಕ ದುಡಿದ ನಮ್ಮಂಥವರಿಗೆ ಮುಷ್ಕರದ ಮರುತಿಂಗಳು ಕೈಸೇರುವ ಸಂಬಳದ ಚೀಟಿ ಅಪರಿಚಿತವಲ್ಲ. ಒಂದು ದಿನ ಕೆಲಸಕ್ಕೆ ಹೋಗದಿದ್ದರೆ ಒಂದು ದಿನದ ಸಂಬಳ ಕಡಿತ. ಅದನ್ನು ನೋಡಿ, ಮಡಿಸಿ, ಕಪಾಟಿನಲ್ಲಿಟ್ಟು ಸುಮ್ಮನಾಗುತ್ತೇವೆ. ಕಡಿತ ಮಾಡುವುದು ಆಡಳಿತವರ್ಗದ ಹಕ್ಕು, ಬಿಟ್ಟುಕೊಟ್ಟರೆ ಅದು ಅವರ ಔದಾರ್ಯ ಎಂದೇ ನಾವು ಇಷ್ಟು ಕಾಲ ತಿಳಿದಿದ್ದೆವು. ಹಾಗೆ ಔದಾರ್ಯ ತೋರಿದ ಮಾಲೀಕನನ್ನೇ ನ್ಯಾಯಾಲಯಕ್ಕೆ ಕರೆಸಿ ದಂಡ ಹಾಕುವ ದೇಶವೊಂದಿದೆ ಎಂಬುದು ನಮ್ಮ ಗಮನಕ್ಕೆ ಬಂದದ್ದು ಇತ್ತೀಚೆಗೆ.

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮಗ ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ನಿರ್ಮಾಣ ಸಂಸ್ಥೆಯೊಂದರ ಇಂಜಿನಿಯರು. ರಜೆಯಲ್ಲಿ ಬಂದಿದ್ದ ಆತ ಊಟಕ್ಕೆ ಕುಳಿತಾಗ ತನ್ನ ಕೆಲಸದ ಸ್ಥಳದ ಸಂಗತಿಯೊಂದನ್ನು ಹೇಳಿದ. ಯಾವುದೋ ಅಸಮಾಧಾನದಿಂದ ಕಾರ್ಮಿಕರು ಮುನ್ಸೂಚನೆ ಇಲ್ಲದೆ ಇಪ್ಪತ್ತು ನಿಮಿಷ ಕೆಲಸ ನಿಲ್ಲಿಸಿ ಸಭೆ ಸೇರಿದರಂತೆ. ಮತ್ತೆ ಕೆಲಸ ಆರಂಭವಾಯಿತು, ಇವನೂ ಅದನ್ನು ದೊಡ್ಡದು ಮಾಡದೆ ಬಿಟ್ಟುಬಿಡೋಣವೆಂದುಕೊಂಡ. ಆದರೆ ಸಂಬಳ ವಿಭಾಗದವರು ಒಪ್ಪಲಿಲ್ಲ. ಪ್ರತಿಯೊಬ್ಬರಿಗೂ ನಾಲ್ಕು ಗಂಟೆಯ ಸಂಬಳ ಕಡಿಯಲೇಬೇಕು, ಕಡಿಯದಿದ್ದರೆ ಸಂಸ್ಥೆಗೇ ದಂಡ ಬೀಳುತ್ತದೆ ಎಂದರಂತೆ. “ಇಪ್ಪತ್ತು ನಿಮಿಷಕ್ಕೆ ನಾಲ್ಕು ಗಂಟೆಯೇ? ಇದ್ಯಾವ ನ್ಯಾಯವೋ?” ಎಂದು ತಂದೆ ಕೇಳಿದರು. ಯೂನಿಯನ್ ವ್ಯವಹಾರ ಕಂಡವರೆಂದು ನಮ್ಮ ಕಡೆಗೂ ತಿರುಗಿ ನೋಡಿದರು. ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಬಳಿಕ ಓದಿ ತಿಳಿದುಕೊಂಡದ್ದನ್ನು, ಆ ದೇಶದಲ್ಲಿ ದುಡಿಯುವ ಮಕ್ಕಳು, ಅಳಿಯಂದಿರು ನಮ್ಮ ಅನೇಕ ಓದುಗರ ಮನೆಗಳಲ್ಲಿ ಇರುವುದರಿಂದ, ಇಲ್ಲಿ ಬರೆದಿಡುತ್ತಿದ್ದೇವೆ.

ಕಾನೂನಿನ ಸ್ವರೂಪ

ಆಸ್ಟ್ರೇಲಿಯಾದ ಔದ್ಯೋಗಿಕ ಸಂಬಂಧಗಳನ್ನು ಈಗ ಆಳುತ್ತಿರುವುದು 2009ರ ಫೇರ್ ವರ್ಕ್ ಕಾಯಿದೆ. ಮುಷ್ಕರದ ವೇಳೆಯ ಸಂಬಳಕ್ಕೆ ಸಂಬಂಧಿಸಿದ ನಿಯಮಗಳು ಅದರ 470ರಿಂದ 475ರವರೆಗಿನ ಕಲಮುಗಳಲ್ಲಿವೆ. ಈ ಕಾಯಿದೆ ಮುಷ್ಕರಗಳನ್ನು ಎರಡು ಜಾತಿಯಾಗಿ ವಿಂಗಡಿಸುತ್ತದೆ. ವೇತನ ಒಪ್ಪಂದದ ಅವಧಿ ಮುಗಿದು, ಹೊಸ ಒಪ್ಪಂದಕ್ಕಾಗಿ ಮಾತುಕತೆ ನಡೆಯುತ್ತಿರುವಾಗ, ಕಾರ್ಮಿಕರು ಗುಪ್ತ ಮತದಾನದಲ್ಲಿ ಬಹುಮತದಿಂದ ಒಪ್ಪಿ, ಸಾಮಾನ್ಯವಾಗಿ ಮೂರು ಕೆಲಸದ ದಿನಗಳ ಮೊದಲೇ ಮಾಲೀಕನಿಗೆ ಲಿಖಿತ ಸೂಚನೆ ಕೊಟ್ಟು ಹೂಡುವ ಮುಷ್ಕರ ‘ಸಂರಕ್ಷಿತ’ ಮುಷ್ಕರ. ಅದರಲ್ಲಿ ಪಾಲ್ಗೊಂಡವರ ಮೇಲೆ ನಷ್ಟಭರ್ತಿಯ ದಾವೆ ಹೂಡಲು ಸಾಮಾನ್ಯವಾಗಿ ಅವಕಾಶವಿಲ್ಲ. ಈ ಕ್ರಮವನ್ನು ಪಾಲಿಸದ ಉಳಿದೆಲ್ಲವೂ ‘ಅಸಂರಕ್ಷಿತ’. ಪರ್ತ್‌ನ ಇಪ್ಪತ್ತು ನಿಮಿಷದ ಸಭೆ ಈ ಎರಡನೆಯ ಜಾತಿಗೆ ಸೇರಿದ್ದು.

ಎರಡೂ ಬಗೆಯ ಮುಷ್ಕರಗಳಲ್ಲಿ ಮಾಲೀಕನು ಸಂಬಳ ಕೊಡುವಂತಿಲ್ಲ. ವ್ಯತ್ಯಾಸವಿರುವುದು ಲೆಕ್ಕದಲ್ಲಿ. ಸಂರಕ್ಷಿತ ಮುಷ್ಕರದಲ್ಲಿ ಕಾರ್ಮಿಕನು ಆ ದಿನ ಎಷ್ಟು ಹೊತ್ತು ಕೆಲಸ ನಿಲ್ಲಿಸಿದನೋ ಅಷ್ಟೇ ಹೊತ್ತಿನ ಸಂಬಳಕ್ಕೆ ನಿಷೇಧ. ಅಸಂರಕ್ಷಿತವಾದರೆ ಕನಿಷ್ಠ ನಾಲ್ಕು ಗಂಟೆ. ಅದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದರೆ ನಿಂತಷ್ಟೂ ಹೊತ್ತು. ಗಂಟೆಗೆ 40 ಡಾಲರ್ ಗಳಿಸುವವನು ಇಪ್ಪತ್ತು ನಿಮಿಷ ಕೆಲಸ ಬಿಟ್ಟರೆ ಸಾಮಾನ್ಯ ಲೆಕ್ಕದಲ್ಲಿ ಹೋಗಬೇಕಾದದ್ದು 13 ಡಾಲರ್ 33 ಸೆಂಟ್. ಈ ಕಾಯಿದೆಯ ಪ್ರಕಾರ ಹೋಗುವುದು 160 ಡಾಲರ್. ಬೆಳಿಗ್ಗೆ ಇಪ್ಪತ್ತು ನಿಮಿಷ, ಮಧ್ಯಾಹ್ನ ಇಪ್ಪತ್ತು ನಿಮಿಷ ನಿಲ್ಲಿಸಿದರೂ ಅಂದಿನ ಲೆಕ್ಕ ನಾಲ್ಕು ಗಂಟೆಯೇ. ರಾತ್ರಿ ಪಾಳಿ ಎರಡು ತಾರೀಖುಗಳಿಗೆ ಹಬ್ಬಿದ್ದರೆ ಪಾಳಿಯನ್ನೇ ಒಂದು ದಿನವೆಂದು ಎಣಿಸಬೇಕು.

ಇದರಲ್ಲೊಂದು ವಿಚಿತ್ರವಿದೆ. ಹೇಗೂ ನಾಲ್ಕು ಗಂಟೆಯ ಸಂಬಳ ಹೋಗುವುದೆಂದ ಮೇಲೆ ಇಪ್ಪತ್ತು ನಿಮಿಷಕ್ಕೇ ಮರಳಿ ಬರುವ ಕಾರ್ಮಿಕನಿಗೆ ಲಾಭವೇನು? ಉಳಿದ ಹೊತ್ತು ಮನೆಗೇ ಹೋಗಬಹುದಲ್ಲ! ಕೆಲಸ ನಿಲ್ಲದಿರಲೆಂದು ಮಾಡಿದ ನಿಯಮವು ಕಿರಿದಾದ ಮುಷ್ಕರವನ್ನು ಹಿರಿದು ಮಾಡಲು ಪ್ರೇರೇಪಿಸುವಂತಿದೆ. ಆ ತರುಣ ಇಂಜಿನಿಯರನೂ ಇದನ್ನೇ ಹೇಳಿದ.

ಪ್ರಾಣಕ್ಕೋ ಆರೋಗ್ಯಕ್ಕೋ ಕೂಡಲೇ ಅಪಾಯವಿದೆಯೆಂಬ ಯುಕ್ತವಾದ ಭಯದಿಂದ ಕೆಲಸ ನಿಲ್ಲಿಸಿದರೆ ಅದು ಈ ಕಾಯಿದೆಯಲ್ಲಿ ಮುಷ್ಕರವೇ ಅಲ್ಲ. ಆದರೆ ಬೇರೆ ಸುರಕ್ಷಿತ ಕೆಲಸವನ್ನು ಒಪ್ಪಿಸಿದಾಗ ಅದನ್ನು ಅಕಾರಣವಾಗಿ ನಿರಾಕರಿಸಿರಬಾರದು. ಆ ದೇಶದಲ್ಲಿ ಕಟ್ಟಡ, ಗಣಿ, ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರು ಈ ಒಂದು ಮಾತನ್ನು ನೆನಪಿಡುವುದು ಒಳ್ಳೆಯದು.

ಯಾರಿಗೆ ಎಷ್ಟು ದಂಡ

ನಿಷೇಧವು ಕೊಡುವವನಿಗೆ ಮಾತ್ರವಲ್ಲ. ಇಂಥ ಸಂಬಳವನ್ನು ಕಾರ್ಮಿಕನು ಪಡೆಯುವುದೂ ತಪ್ಪು, ಕೊಡಿರೆಂದು ಕೇಳುವುದೂ ತಪ್ಪು, ಕಾರ್ಮಿಕ ಸಂಘವು ಅವನ ಪರವಾಗಿ ಕೇಳುವುದೂ ತಪ್ಪು. ಉಲ್ಲಂಘನೆಯಲ್ಲಿ ತಿಳಿದೂ ಕೈಜೋಡಿಸಿದ ವ್ಯವಸ್ಥಾಪಕ ಅಥವಾ ಲೆಕ್ಕಾಧಿಕಾರಿಯನ್ನೂ 550ನೆಯ ಕಲಮಿನ ಮೂಲಕ ಹೊಣೆ ಮಾಡಬಹುದು. ಇದು ಕ್ರಿಮಿನಲ್ ಅಪರಾಧವಲ್ಲ, ಸಿವಿಲ್ ಸ್ವರೂಪದ ದಂಡ. ಆದ್ದರಿಂದ ಸೆರೆವಾಸದ ಮಾತಿಲ್ಲ.

ದಂಡದ ಮೊತ್ತವನ್ನು ಡಾಲರಿನಲ್ಲಿ ಹೇಳದೆ ‘ದಂಡ ಘಟಕ’ಗಳಲ್ಲಿ ಹೇಳುವುದು ಅಲ್ಲಿನ ಪದ್ಧತಿ. ಘಟಕದ ಬೆಲೆ ಏರಿದಂತೆ ದಂಡವೂ ತಾನಾಗಿ ಏರುತ್ತದೆ, ಪ್ರತಿ ಕಾಯಿದೆಯನ್ನೂ ತಿದ್ದಬೇಕಾಗಿಲ್ಲ. ನಮ್ಮಲ್ಲಿ ಹಳೆಯ ಕಾಯಿದೆಗಳ ಐವತ್ತು ರೂಪಾಯಿ, ನೂರು ರೂಪಾಯಿ ದಂಡಗಳು ದಶಕಗಟ್ಟಲೆ ಹಾಗೆಯೇ ಉಳಿದದ್ದನ್ನು ಕಂಡ ನಮಗೆ ಈ ಏರ್ಪಾಡು ಮೆಚ್ಚಿಗೆಯಾಯಿತು. ಮುಷ್ಕರದ ಸಂಬಳದ ವಿಷಯದಲ್ಲಿ ವ್ಯಕ್ತಿಗೆ ಗರಿಷ್ಠ 60 ಘಟಕ, ಕಂಪನಿಗೆ ಅದರ ಐದು ಪಟ್ಟು, ಅಂದರೆ 300 ಘಟಕ. 2009ರಲ್ಲಿ ಘಟಕಕ್ಕೆ 110 ಡಾಲರ್ ಇದ್ದಾಗ ಕಂಪನಿಗೆ ಗರಿಷ್ಠ ದಂಡ 33,000 ಡಾಲರ್ ಆಗುತ್ತಿತ್ತು. 2024ರ ನವೆಂಬರ್ 7ರಿಂದ ಘಟಕದ ಬೆಲೆ 330 ಡಾಲರ್ ಆಯಿತು. ಆ ದರದಲ್ಲಿ ವ್ಯಕ್ತಿಗೆ 19,800, ಕಂಪನಿಗೆ 99,000 ಡಾಲರ್. ಇದು ಒಂದು ಉಲ್ಲಂಘನೆಗೆ ಮಿತಿ. ಎಷ್ಟು ವಿಧಿಸಬೇಕೆಂಬುದು ನ್ಯಾಯಾಲಯದ ವಿವೇಚನೆ.

ಕಾರ್ಮಿಕ ಸಂಘವು ತಾನು ಕೂಡಿಸಿಟ್ಟ ನಿಧಿಯಿಂದ ಮುಷ್ಕರ ನಿರತ ಸದಸ್ಯರ ಮನೆ ಖರ್ಚಿಗೆ ಹಣ ಕೊಟ್ಟರೆ ಈ ಕಲಮುಗಳು ಅಡ್ಡಬರುವುದಿಲ್ಲ. ತಡೆ ಇರುವುದು ಮಾಲೀಕನ ಗಲ್ಲಾಪೆಟ್ಟಿಗೆಗೆ.

ಹೀಗೇಕೆ ಮಾಡಿದರು

ಕೊಡುವವನು ಕೊಡಲು ಸಿದ್ಧ, ಪಡೆಯುವವನು ಪಡೆಯಲು ಸಿದ್ಧ. ನಡುವೆ ಸರ್ಕಾರಕ್ಕೇನು ಕೆಲಸ ಎಂಬ ಪ್ರಶ್ನೆ ಸಹಜವಾದದ್ದು. ಉತ್ತರಕ್ಕೆ ನಿರ್ಮಾಣ ಉದ್ಯಮದ ಲೆಕ್ಕಾಚಾರವನ್ನು ನೋಡಬೇಕು. ದೊಡ್ಡ ಕಟ್ಟಡವೊಂದರ ಗುತ್ತಿಗೆದಾರನು ಕೆಲಸ ತಡವಾದರೆ ದಿನಕ್ಕಿಷ್ಟೆಂದು ಪರಿಹಾರ ತೆರಬೇಕಾಗುತ್ತದೆ. ಕಾಂಕ್ರೀಟು ಹಾಕುವ ದಿನವೇ ಕಾರ್ಮಿಕರು ಹೊರನಡೆದರೆ ಅವನಿಗಾಗುವ ನಷ್ಟದ ಮುಂದೆ ಅವರ ಮೂರು ದಿನದ ಕೂಲಿ ಏನೂ ಅಲ್ಲ. ಆದ್ದರಿಂದ ಬೇಡಿಕೆಯನ್ನು ಒಪ್ಪಿ, ಜೊತೆಗೆ ಮುಷ್ಕರದ ದಿನಗಳ ಕೂಲಿಯನ್ನೂ ಕೊಟ್ಟು ಕೆಲಸಕ್ಕೆ ಕರೆತರುವುದೇ ಅವನಿಗೆ ಅಗ್ಗ. ಇದು ರೂಢಿಯಾದರೆ ಕಾರ್ಮಿಕನಿಗೆ ಮುಷ್ಕರದಿಂದ ಕೈಯಿಂದ ಕಳೆದುಕೊಳ್ಳುವುದು ಏನೂ ಇರುವುದಿಲ್ಲ. ಒಬ್ಬ ಗುತ್ತಿಗೆದಾರ ಕೊಟ್ಟರೆ ಪಕ್ಕದವನೂ ಕೊಡಬೇಕಾಗುತ್ತದೆ. ಮಾಲೀಕರು ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳಲಾರರಾದ್ದರಿಂದ ಕಾನೂನು ಕಟ್ಟಿತು. “ಕೊಡಲು ನನಗೇನೂ ಅಡ್ಡಿಯಿಲ್ಲ, ಕಾನೂನು ಬಿಡುವುದಿಲ್ಲ” ಎಂದು ಮಾತುಕತೆಯ ಮೇಜಿನಲ್ಲಿ ಹೇಳಬಲ್ಲ ಮಾಲೀಕನ ಸ್ಥಿತಿ ಎಷ್ಟು ಬಲವಾದದ್ದೆಂಬುದನ್ನು ಸಾಲ ಕೇಳಲು ಬಂದವರಿಗೆ ‘ಮುಖ್ಯ ಕಚೇರಿಯ ಸುತ್ತೋಲೆ’ಯನ್ನು ತೋರಿಸಿದ ಬ್ಯಾಂಕಿನವರಾದ ನಾವು ಚೆನ್ನಾಗಿ ಬಲ್ಲೆವು.

ಪ್ರಧಾನಿ ಜಾನ್ ಹೋವರ್ಡ್ ಅವರ ಸರ್ಕಾರ 1996ರಲ್ಲಿ ತಂದ ವರ್ಕ್‌ಪ್ಲೇಸ್ ರಿಲೇಷನ್ಸ್ ಕಾಯಿದೆಯಲ್ಲಿ ಈ ನಿಷೇಧ ಸೇರಿತು. ಅದೇ ಸರ್ಕಾರ 2005ರಲ್ಲಿ ಅಂಗೀಕರಿಸಿ 2006ರ ಮಾರ್ಚ್‌ನಿಂದ ಜಾರಿಗೆ ತಂದ ‘ವರ್ಕ್ ಚಾಯ್ಸಸ್’ ತಿದ್ದುಪಡಿ ನಾಲ್ಕು ಗಂಟೆಯ ಕನಿಷ್ಠ ಕಡಿತವನ್ನು ಸಂರಕ್ಷಿತ ಮುಷ್ಕರಕ್ಕೂ ಅನ್ವಯಿಸಿತು. 2007ರ ಚುನಾವಣೆಯಲ್ಲಿ ಆ ಸರ್ಕಾರ ಸೋತು ಲೇಬರ್ ಪಕ್ಷ ಅಧಿಕಾರಕ್ಕೆ ಬಂದಾಗ ಇವೆಲ್ಲ ಹೋಗುತ್ತವೆಂದು ಕಾರ್ಮಿಕ ಸಂಘಗಳು ಆಶಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಲೇಬರ್ ಸರ್ಕಾರದ 2009ರ ಕಾಯಿದೆ ನಿಷೇಧವನ್ನು ಉಳಿಸಿಕೊಂಡಿತು. ಸಂರಕ್ಷಿತ ಮುಷ್ಕರವನ್ನು ನಾಲ್ಕು ಗಂಟೆಯ ಲೆಕ್ಕದಿಂದ ಬಿಡಿಸಿದ್ದೇ ಅದು ಮಾಡಿದ ಉಪಕಾರ. ನಿರ್ಮಾಣ ಉದ್ಯಮದ ಮೇಲೆ ಕಣ್ಣಿಡಲು ಪ್ರತ್ಯೇಕವಾಗಿ ಸ್ಥಾಪಿಸಿದ್ದ ಆಯೋಗ 2023ರ ಫೆಬ್ರುವರಿಯಲ್ಲಿ ರದ್ದಾಯಿತು. ಅದರ ಹೊಣೆ ಈಗ ಎಲ್ಲ ಉದ್ಯಮಗಳಿಗೂ ಸಾಮಾನ್ಯವಾದ ಫೇರ್ ವರ್ಕ್ ಒಂಬುಡ್ಸ್‌ಮನ್ ಅವರದು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಂಘಸ್ವಾತಂತ್ರ್ಯ ಸಮಿತಿಯು ಮುಷ್ಕರದ ದಿನಗಳ ಸಂಬಳ ಕಡಿತಕ್ಕೆ ಆಕ್ಷೇಪವೆತ್ತುವುದಿಲ್ಲ. ನ್ಯಾಯಸಮ್ಮತ ಮುಷ್ಕರದಲ್ಲಿ ನಿಂತ ಅವಧಿಗಿಂತ ಹೆಚ್ಚಿಗೆ ಕಡಿದರೆ ಅದು ಶಿಕ್ಷೆಯಾಗುತ್ತದೆ ಎಂಬುದು ಅದರ ನಿಲುವು. ನಮ್ಮ ಮನಸ್ಸೂ ಇದಕ್ಕೇ ಒಪ್ಪುತ್ತದೆ. ದುಡಿಯದ ಹೊತ್ತಿನ ಸಂಬಳ ಕೇಳುವುದು ನ್ಯಾಯವಲ್ಲವೆಂದರೆ ಒಪ್ಪೋಣ. ದುಡಿದ ಮೂರು ಗಂಟೆ ನಲವತ್ತು ನಿಮಿಷದ ಸಂಬಳವನ್ನು, ಮಾಲೀಕನೇ ಕೊಡಲು ಸಿದ್ಧನಿರುವಾಗಲೂ, ಕೊಡಬಾರದೆನ್ನುವುದಕ್ಕೆ ಏನೆನ್ನಬೇಕು?

ತಂಗುದಾಣದ ಮೊಕದ್ದಮೆ

ಈ ಕಾಯಿದೆಯ ಗಡಿ ಎಲ್ಲಿದೆ ಎಂಬುದನ್ನು ತೋರಿಸಿದ ಪ್ರಕರಣವೊಂದು ಪಶ್ಚಿಮ ಆಸ್ಟ್ರೇಲಿಯಾದ್ದೇ. ಕರಾಥಾ ಪಟ್ಟಣದ ಬಳಿಯ ಪ್ಲೂಟೋ ಅನಿಲ ಯೋಜನೆಯಲ್ಲಿ ಮ್ಯಾಮೂಟ್ ಎಂಬ ಕ್ರೇನ್ ಸಂಸ್ಥೆಯ ಕಾರ್ಮಿಕರು ದುಡಿಯುತ್ತಿದ್ದರು. ದೂರದ ಊರುಗಳಿಂದ ವಿಮಾನದಲ್ಲಿ ಬಂದು, ಕೆಲವು ವಾರ ದುಡಿದು, ಮತ್ತೆ ವಿಮಾನದಲ್ಲಿ ಮನೆಗೆ ಮರಳುವ ಪದ್ಧತಿ. ಉಳಿದುಕೊಳ್ಳಲು ಜಾಗವನ್ನು ವೇತನ ಒಪ್ಪಂದದಂತೆ ಸಂಸ್ಥೆಯೇ ಕೊಡುತ್ತಿತ್ತು. 2010ರ ಏಪ್ರಿಲ್ ಕೊನೆಯಲ್ಲಿ ಅವರು 28 ದಿನಗಳ ಸಂರಕ್ಷಿತ ಮುಷ್ಕರ ಹೂಡಿದರು. ಮುಷ್ಕರದ ಅವಧಿಯಲ್ಲಿ ತಂಗಲು ಜಾಗ ಕೊಡುವುದಿಲ್ಲವೆಂದು ಸಂಸ್ಥೆ ತಿಳಿಸಿತು. ಜಾಗ ಕೊಡುವುದೂ ಒಂದು ಬಗೆಯ ಪಾವತಿಯೇ, ಕೊಟ್ಟರೆ 470ನೆಯ ಕಲಮಿನ ಉಲ್ಲಂಘನೆಯಾಗುತ್ತದೆ ಎಂಬುದು ಅದರ ವಾದ.

ಕೆಳಗಿನ ಎರಡು ನ್ಯಾಯಾಲಯಗಳು ಸಂಸ್ಥೆಯ ವಾದವನ್ನೇ ಎತ್ತಿಹಿಡಿದವು. ಕಾರ್ಮಿಕ ಸಂಘವು ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿಗೆ ಹೋಯಿತು. (ಅಲ್ಲಿ ಹೈಕೋರ್ಟೆಂದರೆ ನಮ್ಮ ಸುಪ್ರೀಂ ಕೋರ್ಟಿನಂತೆ.) 2013ರ ಆಗಸ್ಟ್ 14ರಂದು ಬಂದ ಸರ್ವಾನುಮತದ ತೀರ್ಪು ಸಂಘದ ಪರವಾಗಿತ್ತು. ಕಲಮಿನಲ್ಲಿ ಹೇಳಿರುವ ಪಾವತಿಯೆಂದರೆ ಹಣದ ಪಾವತಿ, ತಂಗುವ ಜಾಗ ಅದರಲ್ಲಿ ಸೇರುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಮನೆಯಿಂದ ದೂರ ಬಂದವನ ತಲೆಯ ಮೇಲಿನ ಸೂರು ಸಂಬಳವೇ ಅಲ್ಲವೇ ಎಂಬ ಪ್ರಶ್ನೆ ಇತ್ಯರ್ಥವಾಗಲು ಮೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಅರ್ಧ ಕೆಲಸಕ್ಕೆ ಏನು ಲೆಕ್ಕ

ಪೂರ್ತಿ ಕೆಲಸ ನಿಲ್ಲಿಸದೆ, ‘ಈ ಫಾರಂ ತುಂಬುವುದಿಲ್ಲ’, ‘ಆ ಯಂತ್ರ ಮುಟ್ಟುವುದಿಲ್ಲ’ ಎಂಬ ಭಾಗಶಃ ಅಸಹಕಾರವೂ ಉಂಟು. ಸಂರಕ್ಷಿತ ವರ್ಗದ ಇಂಥ ಅಸಹಕಾರ ನಡೆದಾಗ ಮಾಲೀಕನು ಲಿಖಿತ ಸೂಚನೆ ಕೊಟ್ಟು ಸಂಬಳವನ್ನು ಪ್ರಮಾಣಾನುಸಾರ ತಗ್ಗಿಸಬಹುದು. ಇಲ್ಲವೇ, ಅರ್ಧ ಕೆಲಸ ನನಗೆ ಬೇಡವೇ ಬೇಡವೆಂದು ಸೂಚನೆ ಕೊಟ್ಟು ಪೂರ್ತಿ ಸಂಬಳವನ್ನೇ ತಡೆಹಿಡಿಯಬಹುದು. 2025ರ ಫೆಬ್ರುವರಿಯಲ್ಲಿ ಸಿಡ್ನಿ ನಗರದ ರೈಲು ನೌಕರರ ವಿವಾದದಲ್ಲಿ ಇಂಥ ಸೂಚನೆ ಹೊರಬಿದ್ದಾಗ ರೈಲು ಸಂಚಾರ ಅಸ್ತವ್ಯಸ್ತವಾದದ್ದನ್ನು ಅಲ್ಲಿರುವ ನಮ್ಮವರು ಮರೆತಿರಲಾರರು.

ಈ ವಿಚಾರದಲ್ಲಿ ಇಂಗ್ಲೆಂಡಿನ ಹಳೆಯ ಮೊಕದ್ದಮೆಯೊಂದು ಸ್ವಾರಸ್ಯವಾಗಿದೆ. ವೇಕ್‌ಫೀಲ್ಡ್ ಎಂಬಲ್ಲಿನ ಜನನ, ಮರಣ, ವಿವಾಹಗಳ ರಿಜಿಸ್ಟ್ರಾರರೊಬ್ಬರು ಸಂಘದ ಕರೆಯಂತೆ ಶನಿವಾರ ಬೆಳಿಗ್ಗೆ ಮದುವೆ ನಡೆಸಿಕೊಡಲು ಮಾತ್ರ ನಿರಾಕರಿಸಿದರು. ಕಚೇರಿಗೆ ಬಂದು ಬೇರೆ ಕೆಲಸ ಮಾಡುತ್ತಿದ್ದರು. ನಗರಾಡಳಿತವು ವಾರದ 37 ಗಂಟೆಗಳಲ್ಲಿ 3 ಗಂಟೆಯ ಸಂಬಳ ಕಡಿಯಿತು. 1987ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದು ಸರಿಯೆಂದಿತು. ಆದರೆ ಅಲ್ಲಿಯೂ ಪ್ರಶ್ನೆ ಇದ್ದದ್ದು ಮಾಲೀಕನು ಕಡಿಯಬಹುದೇ ಎಂಬುದು, ಕಡಿಯಲೇಬೇಕೇ ಎಂಬುದಲ್ಲ.

ನಮ್ಮ ದೇಶದಲ್ಲಿ

ನಮ್ಮ ದೇಶದ ಕಾನೂನೂ ಆ ‘ಕಡಿಯಬಹುದೇ’ ಎಂಬ ಪ್ರಶ್ನೆಯ ಸುತ್ತಲೇ ಬೆಳೆದಿದೆ. ಅದನ್ನು ಬೆಳೆಸಿದವರಲ್ಲಿ ಬ್ಯಾಂಕ್ ನೌಕರರ ಪಾಲು ದೊಡ್ಡದು. 1977ರ ಕೊನೆಯಲ್ಲಿ ಬ್ಯಾಂಕ್ ಆಫ್ ಇಂಡಿಯಾದ ನೌಕರರು ನಾಲ್ಕು ಗಂಟೆಯ ಮುಷ್ಕರ ಹೂಡಿದರು. ಇಲ್ಲಿಯೂ ಅದೇ ನಾಲ್ಕು ಗಂಟೆ! ಬಳಿಕ ಮರಳಿ ಬಂದು ಉಳಿದ ಹೊತ್ತು ದುಡಿದರು. ಬ್ಯಾಂಕು ಇಡೀ ದಿನದ ಸಂಬಳ ಕಡಿಯಿತು. ಬೊಂಬಾಯಿ ಹೈಕೋರ್ಟಿನಲ್ಲಿ ನೌಕರರು ಗೆದ್ದರು. 1990ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ ಬ್ಯಾಂಕಿನ ಕ್ರಮವನ್ನು ಎತ್ತಿಹಿಡಿಯಿತು. ಜನರೊಡನೆ ವ್ಯವಹರಿಸುವ ಮುಖ್ಯ ಹೊತ್ತಿನಲ್ಲಿ ಇಲ್ಲದೆ ಹೋಗಿ, ಆಮೇಲೆ ಬಂದು ಕುಳಿತರೆ ಪೂರ್ತಿ ಸಂಬಳ ಕೇಳಲಾಗದು ಎಂಬ ಧಾಟಿಯ ತೀರ್ಪು ಅದು. ಕೌಂಟರಿನಲ್ಲಿ ಕುಳಿತವರಿಗೆ ಆ ತರ್ಕವನ್ನು ಅಲ್ಲಗಳೆಯುವುದು ಕಷ್ಟ. ಆದರೂ ಅಂದು ಮಧ್ಯಾಹ್ನದ ಮೇಲೆ ಲೆಡ್ಜರು ತಾಳೆ ನೋಡಿದವರು ಅವರೇ ತಾನೆ ಎಂಬ ಮಾತು ನಮ್ಮ ಮನಸ್ಸಿನಿಂದ ಹೋಗಿಲ್ಲ.

ಇದರ ಬೆನ್ನಿಗೇ ಬಂದದ್ದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮಣಿಪಾಲದಲ್ಲಿ ಪ್ರಧಾನ ಕಚೇರಿಯಿದ್ದು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾದ ನಮ್ಮ ಸಿಂಡಿಕೇಟ್ ಬ್ಯಾಂಕಿನ ಪ್ರಕರಣ. 1994ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಮುಷ್ಕರವು ಕಾನೂನುಬದ್ಧವೂ ಸಕಾರಣವೂ ಆಗಿದ್ದರೆ ಮಾತ್ರ ಆ ದಿನಗಳ ಸಂಬಳಕ್ಕೆ ನೌಕರನು ಅರ್ಹನೆಂದು ತೀರ್ಮಾನಿಸಿತು. ಸಕಾರಣವೋ ಅಲ್ಲವೋ ಎಂಬುದನ್ನು ಸಾಕ್ಷ್ಯ ವಿಚಾರಿಸಿ ಹೇಳಬೇಕಾದದ್ದು ಔದ್ಯೋಗಿಕ ನ್ಯಾಯಮಂಡಳಿ. ಅಂದರೆ ಮುಷ್ಕರದ ಸಂಬಳ ನಮ್ಮಲ್ಲಿ ಅಪರೂಪದ್ದಾದರೂ ಅಸಂಭವವಲ್ಲ. ಆಸ್ಟ್ರೇಲಿಯಾದಲ್ಲಿ ಕಾರಣ ಎಷ್ಟೇ ನ್ಯಾಯವಾದದ್ದಾಗಿದ್ದರೂ ಆ ಬಾಗಿಲು ಮುಚ್ಚಿದೆ.

ನಮ್ಮ ಕಾನೂನು ಮೃದುವೆಂದು ಇದರಿಂದ ತಿಳಿಯಬಾರದು. ಹತ್ತು ಅಥವಾ ಹೆಚ್ಚು ಮಂದಿ ಕೂಡಿಕೊಂಡು, ಸೂಚನೆ ಕೊಡದೆ, ಯುಕ್ತ ಕಾರಣವಿಲ್ಲದೆ ಗೈರುಹಾಜರಾದರೆ, ಕರಾರಿನಲ್ಲಿ ಅಂಥ ಷರತ್ತಿದ್ದಲ್ಲಿ, ಸೂಚನೆಯ ಬದಲಿಗೆ ಎಂಟು ದಿನಗಳವರೆಗಿನ ವೇತನ ಕಡಿಯಲು 1936ರ ವೇತನ ಪಾವತಿ ಕಾಯಿದೆಯೇ ಅವಕಾಶ ಕೊಟ್ಟಿತ್ತು. 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯ ಪ್ರಕಾರ ಎಲ್ಲ ಕೈಗಾರಿಕಾ ಸಂಸ್ಥೆಗಳಲ್ಲೂ ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಬೇಕು. ಅರ್ಧದಷ್ಟು ಅಥವಾ ಹೆಚ್ಚು ಮಂದಿ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಕಾನೂನುಬಾಹಿರ ಮುಷ್ಕರಕ್ಕೆ ತಿಳಿದೂ ಹಣ ಒದಗಿಸಿದವರಿಗೆ 1947ರ ಕಾಯಿದೆಯಲ್ಲಿ ಆರು ತಿಂಗಳವರೆಗಿನ ಸೆರೆವಾಸ ಅಥವಾ ಸಾವಿರ ರೂಪಾಯಿ ದಂಡ ಅಥವಾ ಎರಡೂ ಇತ್ತು. ಹೊಸ ಸಂಹಿತೆಯಲ್ಲಿ ಸೆರೆವಾಸ ಒಂದು ತಿಂಗಳಿಗೆ ಇಳಿದು, ದಂಡ ಹತ್ತು ಸಾವಿರದಿಂದ ಐವತ್ತು ಸಾವಿರಕ್ಕೆ ಏರಿದೆ. ಇದು ಮುಷ್ಕರವನ್ನು ಪೋಷಿಸುವ ಹಣದ ಮಾತು. ಮುಷ್ಕರ ಮುಗಿದ ಮೇಲೆ ರಾಜಿಯಾಗಿ ಮಾಲೀಕನು ಕೊಡುವ ಸಂಬಳವನ್ನು ಆಸ್ಟ್ರೇಲಿಯಾದಂತೆ ಹೆಸರಿಸಿ ನಿಷೇಧಿಸುವ ಕಲಮು ನಮ್ಮಲ್ಲಿಲ್ಲ.

ಆದ್ದರಿಂದಲೇ ನಮ್ಮ ಕಡೆ ರಾಜಿಪತ್ರದ ಕೊನೆಯಲ್ಲಿ, ಮುಷ್ಕರದ ದಿನಗಳನ್ನು ನೌಕರರ ಬಾಕಿ ರಜೆಗೆ ಹೊಂದಿಸಿಕೊಳ್ಳತಕ್ಕದ್ದು ಎಂಬ ಸಾಲೊಂದು ಅನೇಕ ಬಾರಿ ಸೇರುವುದುಂಟು. ಎಷ್ಟೋ ಮುಷ್ಕರಗಳು ಕೊನೆಗೊಂಡದ್ದು ಆ ಒಂದು ಸಾಲಿನ ಬಲದಿಂದ. ಪರ್ತ್‌ಗೆ ಹಿಂದಿರುಗಿದ ಆ ತರುಣನಿಗೆ ಫೋನಿನಲ್ಲಿ ಇದನ್ನು ವಿವರಿಸಿದಾಗ ಆತ ನಕ್ಕು, “ಅಂಕಲ್, ಇಲ್ಲಿ ಅಂಥ ಸಾಲು ಬರೆದರೆ ಅದಕ್ಕೆ ಸಹಿ ಹಾಕಿದ ನನಗೂ ದಂಡ” ಎಂದ.